ನಮ್ಮ ಹೊಸ್ತಿಲಿನಿಂದ ಹರಿಯುವ ನೀರು

ಓದಿಕೊಳ್ಳಿ: ಯೆಜೆಕಿಯೇಲ 47:1-12, II ಅರಸುಗಳು 2:19-22, ಲೂಕ 19:1-10



ಬೆಳಿಗ್ಗೆ ಪಾತ್ರೆ ತೊಳೆದು, ಬಟ್ಟೆ ಒಗೆದು, ಬಚ್ಚಲಿಗೆ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಎಲ್ಲದಕ್ಕೂ ಆದಿಕಾರಣ ಯಾವುದೆಂದು ವರ್ಷಗಟ್ಟಲೆ ಚರ್ಚಿಸಿದ್ದೆವು. ಆದರೆ ಗುರುನಿವಾಸದ ಬಚ್ಚಲ ನೀರಿನ ಅಂತ್ಯ ಯಾವುದೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದವರು ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯರು.

ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್ 1 ಸೃಷ್ಟಿಯ ಸಂರಕ್ಷಣೆಗಾಗಿ ವಿಶ್ವ ಪ್ರಾರ್ಥನಾ ದಿನ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಇದನ್ನು ಧರ್ಮಸಭೆಯಲ್ಲಿ ಆರಂಭಿಸಿದರು. ಅದರ ನಿಮಿತ್ತ ಬಲಿಪೂಜೆಯ ನಂತರ ಯುವಜನರು, ಧರ್ಮೋಪದೇಶದ ಮಕ್ಕಳು, ತಾಯಂದಿರು ಎಲ್ಲರೂ ಸೇರಿ ಹತ್ತಿರದ ಕೆರೆಗೆ ಹೋದೆವು. ದಡದ ಪ್ಲಾಸ್ಟಿಕ್ ಆಯ್ದೆವು. ಹೊಂಗೆ, ನೇರಳೆ ಸಸಿಗಳನ್ನು ನೆಟ್ಟೆವು. ಫೋಟೋ ತೆಗೆಸಿಕೊಂಡು, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಚಹಾ ಕುಡಿಯುತ್ತಾ ಕುಳಿತಿದ್ದೆವು. ಆಗ ವರ್ತೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಆ ಹಿರಿಯರು ಮೆಲ್ಲನೆ ಹೇಳಿದರು:

“ಸ್ವಾಮಿ, ದಡ ಚೊಕ್ಕ ಮಾಡಿದ್ರಿ, ಒಳ್ಳೇದಾಯ್ತು. ನಾನು ಚಿಕ್ಕೋನಾಗಿದ್ದಾಗ ಕೆರೆ ನೀರು ಬೊಗಸೇಲಿ ಎತ್ತಿ ಕುಡೀತಿದ್ದೆ. ಆದ್ರೆ ಒಂದು ಮಾತು. ಹಬ್ಬದ ದಿನ ನಮ್ಮ ಚರ್ಚ್ ಹಾಲ್‌ನಲ್ಲಿ ಊರಿಗೆಲ್ಲ ಅಡುಗೆ ಆಗುತ್ತಲ್ಲ, ಆ ಹಂಡೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ, ನೋಡಿದ್ದೀರಾ?”

ನೋಡಿರಲಿಲ್ಲ. ಮರುದಿನ ಹಾಲ್‌ನ ಹಿಂಭಾಗದ ಚಪ್ಪಡಿ ಎತ್ತಿಸಿ ನೋಡಿದೆವು. ಅಡುಗೆಮನೆಯ ಕೊಳವೆಯೂ, ಶೌಚಾಲಯದ ಗುಂಡಿ ತುಂಬಿ ಹರಿಯುವ ಕೊಳವೆಯೂ ಮಳೆನೀರಿನ ಚರಂಡಿಗೆ ಸೇರಿದ್ದವು. ಆ ಚರಂಡಿ ರಾಜಕಾಲುವೆಗೆ. ರಾಜಕಾಲುವೆ ನಾವು ಹಿಂದಿನ ದಿನ ಗುಡಿಸಿ ಬಂದಿದ್ದ ಅದೇ ಕೆರೆಗೆ! ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಪಾಠ ಅಂದು ಆರಂಭವಾಯಿತು.

ನೀರು ಹೋಗುವ ದಾರಿ

ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ದೊಡ್ಡ ನದಿ ಇಲ್ಲ. ನಮ್ಮ ಪೂರ್ವಿಕರು ಇಳಿಜಾರು ನೋಡಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬು ತೆಗೆದು ಗದ್ದೆಗೆ ನೀರು ಹಂಚಲು ನೀರಗಂಟಿ ಇರುತ್ತಿದ್ದ. ಹೂಳು ತೆಗೆಯುವುದು, ಏರಿ ಕಾಯುವುದು ಊರಿನ ಕೆಲಸವಾಗಿತ್ತು. ಕೆರೆ ಎಂಬುದು ಒಂಟಿಯಲ್ಲ. ಅದು ಸರಪಣಿಯ ಒಂದು ಕೊಂಡಿ.

ಆ ಸರಪಣಿ ಇಂದಿಗೂ ಇದೆ. ಆದರೆ ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ಕಾಲುವೆ ಈಗ ವರ್ಷವಿಡೀ ಕೊಳಚೆ ಹೊತ್ತು ಹರಿಯುತ್ತದೆ. ನಗರದ ದಕ್ಷಿಣ ಮತ್ತು ಪೂರ್ವ ಭಾಗದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಬರುತ್ತದೆ. ಅಲ್ಲಿಂದ ವೈಟ್‌ಫೀಲ್ಡ್ ಪಕ್ಕದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಆ ನದಿ ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟೆ ಹಾಯ್ದು, ಕೃಷ್ಣಗಿರಿಯನ್ನು ದಾಟಿ, ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಪೀಣ್ಯದ ಕಡೆಯವರ ನೀರಿನ ದಾರಿ ಬೇರೆ: ವೃಷಭಾವತಿ, ಅರ್ಕಾವತಿ, ಕಾವೇರಿ, ಕೊನೆಗೆ ಪೂಂಪುಹಾರ್‌ನ ಕಡಲು.

ನದಿ ಕಡಲನ್ನು ಕೂಡುವ ಜಾಗಕ್ಕೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಸಿಹಿನೀರು, ಉಪ್ಪುನೀರು ಬೆರೆಯುವ ಆ ಜಾಗ ಮೀನು, ಸೀಗಡಿ, ಏಡಿಗಳ ತೊಟ್ಟಿಲು. ನಾವು ಬಯಲುಸೀಮೆಯವರು, ನಮಗೇಕೆ ಅಳಿವೆಯ ಚಿಂತೆ ಎನ್ನಬಹುದು. ಆದರೆ ನಮಗೂ ಅಳಿವೆ ಇದೆ, ಪ್ರಿಯರೇ. ಅದು ದೂರದಲ್ಲಿದೆ, ಕಣ್ಣಿಗೆ ಕಾಣದು, ಅಷ್ಟೇ.

ಕೆಟ್ಟ ಮಾತನ್ನೇ ಏಕೆ ಆಡಬೇಕು? ನಮ್ಮ ಉತ್ತರ ಕನ್ನಡದ ಅಘನಾಶಿನಿಯನ್ನು ನೋಡಿ. ‘ಅಘ’ ಎಂದರೆ ಪಾಪ. ಪಾಪವನ್ನು ನಾಶಮಾಡುವವಳು ಎಂದು ಆ ನದಿಯ ಹೆಸರು. ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಕುಮಟೆಯ ಬಳಿ ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಡ ಕುಟುಂಬಗಳವರು ಬಳಚು ಆಯುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ದಡದ ಜನ ಒಂದಾಗಿ ವಿರೋಧಿಸಿದರು, ಸ್ಥಾವರ ಬರಲಿಲ್ಲ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ದಡದ ಜನ ಕಾದರೆ ನೀರು ಉಳಿಯುತ್ತದೆ. ಆದರೆ ನಮ್ಮ ಅಳಿವೆಯನ್ನು ಕಡಲೂರಿನ ಮೀನುಗಾರರೊಬ್ಬರೇ ಕಾಯಲಾರರು. ಕಾವಲು ಇಲ್ಲಿ, ನಮ್ಮ ಹೊಸ್ತಿಲಲ್ಲೇ ಆರಂಭವಾಗಬೇಕು.

ಪ್ರವಾದಿ ಕಂಡ ದರ್ಶನ

ಯೆಜೆಕಿಯೇಲ ಪ್ರವಾದಿ ಯಾಜಕ ಮನೆತನದವರು. ಬಾಬಿಲೋನಿಯಕ್ಕೆ ಸೆರೆ ಹೋದವರು. ಜೆರುಸಲೇಮಿನ ದೇವಾಲಯ ನಾಶವಾಗಿದ್ದ ಆ ಕಾಲದಲ್ಲಿ ಅವರಿಗೆ ಒಂದು ದರ್ಶನವಾಯಿತು. ದೇವಾಲಯದ ಹೊಸ್ತಿಲಿನ ಕೆಳಗಿನಿಂದ ನೀರು ಹೊರಟು ಪೂರ್ವಕ್ಕೆ ಹರಿಯುತ್ತದೆ. ಸಾವಿರ ಮೊಳ ನಡೆದರೆ ಪಾದ ಮುಳುಗುವಷ್ಟು, ಇನ್ನೂ ಸಾವಿರ ಮೊಳಕ್ಕೆ ಮೊಣಕಾಲು, ಮತ್ತೆ ಸಾವಿರ ಮೊಳಕ್ಕೆ ಸೊಂಟ, ಆಮೇಲೆ ಈಜದೆ ದಾಟಲಾಗದ ಹೊಳೆ. ಅದು ಹೋಗಿ ಸೇರುವುದು ಮೃತ ಸಮುದ್ರವನ್ನು. ಮೀನು ಬದುಕಲಾರದಷ್ಟು ಉಪ್ಪಾದ ಆ ನೀರು ಈ ಹೊಳೆ ಸೇರಿದೊಡನೆ ವಾಸಿಯಾಗುತ್ತದೆ! ಬೆಸ್ತರು ದಡದಲ್ಲಿ ಬಲೆ ಹರಡುತ್ತಾರೆ. ಹೊಳೆಯ ಎರಡೂ ದಡಗಳ ಮರಗಳ ಹಣ್ಣು ಆಹಾರಕ್ಕೆ, ಎಲೆ ಔಷಧಕ್ಕೆ.

ಮೂರು ವಿಷಯಗಳನ್ನು ಗಮನಿಸಿ. ಮೊದಲನೆಯದು, ನೀರು ಹೊರಡುವುದು ಆರಾಧನೆಯ ಸ್ಥಳದಿಂದ. ಎರಡನೆಯದು, ಅದು ಫಲಿಸುವುದು ಅತ್ಯಂತ ಕೆಳಗೆ, ದೂರದ ಅಳಿವೆಯಲ್ಲಿ, ಬಡ ಬೆಸ್ತರ ಬಲೆಯಲ್ಲಿ. ಮೂರನೆಯದು, ಹೊಳೆಯ ನೀರು ಹರಿದಾಡದ ಜೌಗು ಹೊಂಡಗಳು ಮಾತ್ರ ವಾಸಿಯಾಗದೆ ಉಪ್ಪಾಗಿಯೇ ಉಳಿಯುತ್ತವೆ.

ಈ ದೇವಾಲಯ ಕ್ರಿಸ್ತನ ದೇಹವೇ ಎಂದು ಧರ್ಮಸಭೆ ಅರಿತುಕೊಂಡಿದೆ. ಶಿಲುಬೆಯ ಮೇಲೆ ಇರಿಯಲ್ಪಟ್ಟ ಅವರ ಪಕ್ಕೆಯಿಂದ ರಕ್ತವೂ ನೀರೂ ಹರಿದವು (ಯೊವಾನ್ನ 19:34). ಪಾಸ್ಖ ಕಾಲದಲ್ಲಿ ತೀರ್ಥ ಚಿಮುಕಿಸುವಾಗ ಹಾಡುವ ‘ವಿದಿ ಆಕ್ವಾಮ್’ ಎಂಬ ಲತೀನ್ ಗೀತೆ ಹುಟ್ಟಿದ್ದು ಈ ದರ್ಶನದಿಂದಲೇ. ನಾವೆಲ್ಲರೂ ಜ್ಞಾನಸ್ನಾನ ಪಡೆದದ್ದು ಆ ನೀರಿನಲ್ಲಿ.

ನಮ್ಮ ಚರ್ಚ್ ಹಾಲ್‌ನ ನೀರೂ ಪೂರ್ವಕ್ಕೇ ಹರಿಯುತ್ತದೆ! ದೇವರ ಆಲಯದಿಂದ ಹೊರಟ ನೀರು ಪ್ರವಾದಿಯ ದರ್ಶನದಲ್ಲಿ ಸತ್ತ ಕಡಲಿಗೆ ಜೀವ ಕೊಟ್ಟಿತು. ನಮ್ಮ ಆಲಯದ ಆವರಣದಿಂದ ಹೊರಟ ನೀರು ಜೀವಂತ ಕೆರೆಯನ್ನು ಸಾಯಿಸುತ್ತಿತ್ತು. ಈ ಸತ್ಯವನ್ನು ಹೇಗೆ ಎದುರಿಸಬೇಕು? ನಮಗೆ ಬಾಲ್ಯದಲ್ಲೇ ಕಲಿಸಿದ ಒಂದು ದಾರಿ ಇದೆ. ಒಳ್ಳೆಯ ಪಾಪನಿವೇದನೆಗೆ ಬೇಕಾದ ಐದು ಕಾರ್ಯಗಳು ನೆನಪಿವೆಯಲ್ಲವೇ? ಕೆರೆಯನ್ನು ಉಳಿಸಲು ಬೇಕಾಗುವುದೂ ಅವೇ ಐದು.

1. ಆತ್ಮಶೋಧನೆ

ಜೆರಿಕೋ ಊರಿನ ನೀರು ಕೆಟ್ಟು ನೆಲ ಬಂಜೆಯಾಗಿತ್ತು. ಜನರು ಎಲೀಷನ ಬಳಿಗೆ ಬಂದರು. ಅವನು ಹೊಸ ಬಟ್ಟಲಿನಲ್ಲಿ ಉಪ್ಪು ತರಿಸಿ ಹೋದದ್ದು ಒಣಗಿದ ಹೊಲಕ್ಕಲ್ಲ, ನೀರಿನ ಮೂಲಕ್ಕೆ. ವಾಸಿ ಮಾಡಬೇಕಾದದ್ದು ಮೂಲದಲ್ಲಿ.

ಬೆಳ್ಳಂದೂರು, ವರ್ತೂರು ಕೆರೆಗಳಿಂದ 2015ರಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರಿದಾಗ ದೇಶವೆಲ್ಲ ಬೆರಗಾಯಿತು. ಅದೇ ವರ್ಷ, ಆಮೇಲೆ 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಇದು ಪವಾಡವಲ್ಲ, ಶಾಪವೂ ಅಲ್ಲ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ದ್ರಾವಣಗಳಲ್ಲಿ ನೊರೆ ಕಟ್ಟುವ ರಾಸಾಯನಿಕಗಳಿವೆ. ಶುದ್ಧವಾಗದ ಕೊಳಚೆ ಕೋಡಿಯಿಂದ ಧುಮುಕುವಾಗ ಕಡೆದಂತಾಗಿ ನೊರೆ ಏಳುತ್ತದೆ. ಕೊಳಚೆಯ ಸಾರಜನಕ, ರಂಜಕಗಳನ್ನು ಉಂಡು ಅಂತರಗಂಗೆ ಕೆರೆಯನ್ನೆಲ್ಲ ಮುಚ್ಚುತ್ತದೆ. ಅದು ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ತಳದ ಹೂಳಿನಿಂದ ಉರಿಯುವ ಅನಿಲ ಮೇಲೇಳುತ್ತದೆ. ಕಾರ್ಖಾನೆಗಳ ವಿಷವೂ ಸೇರುತ್ತದೆ, ನಿಜ. ಆದರೆ ಆ ನೊರೆಯಲ್ಲಿ ನನ್ನ ಮನೆಯ ಸೋಪೂ ಇತ್ತು.

2. ಪಶ್ಚಾತ್ತಾಪ

ಪಶ್ಚಾತ್ತಾಪವೆಂದರೆ ನಾಚಿಕೆ ಮಾತ್ರವಲ್ಲ; ನಮ್ಮಿಂದ ನೊಂದವರ ಮುಖ ನೋಡುವುದು. ನಮ್ಮ ಕೆಳಗೆ ಯಾರಿದ್ದಾರೆ? ಕೆಲವರಪಳ್ಳಿಯ ಕಾಲುವೆಯಲ್ಲಿ ನೊರೆ ಬರುವುದನ್ನು ನೋಡುತ್ತಾ ಹೊಲಕ್ಕೆ ನೀರು ಹಾಯಿಸುವ ರೈತರು. ವೃಷಭಾವತಿಯ ಕೆಳಗೆ ಬೈರಮಂಗಲದ ಸುತ್ತಿನ ಹಳ್ಳಿಗರು. ಕಟ್ಟಿಕೊಂಡ ಗುಂಡಿಗೆ ಇಳಿದು ಉಸಿರುಗಟ್ಟಿ ಪ್ರಾಣ ಬಿಟ್ಟ ಪೌರಕಾರ್ಮಿಕರು. ಈ ಕೆಲಸಕ್ಕೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾನೂನು ಹೇಳಿದರೂ ಸಾವು ನಿಂತಿಲ್ಲ. ಪರಿಸರದ ಕೂಗೂ ಬಡವರ ಕೂಗೂ ಒಂದೇ ಎಂದು 2015ರ ‘ಲೌದಾತೊ ಸಿ’ ವಿಶ್ವಪತ್ರ ನಮಗೆ ಕಲಿಸಿದ್ದು ಇದನ್ನೇ. ಸೃಷ್ಟಿಗೆ ಮಾಡುವ ಕೇಡು ದೇವರಿಗೂ ನೆರೆಯವರಿಗೂ ವಿರುದ್ಧವಾದ ಪಾಪವೆಂದು 2019ರ ಅಮೆಜಾನ್ ಸಿನೋದಿನ ಅಂತಿಮ ದಾಖಲೆಯೂ ಹೇಳಿತು.

3. ದೃಢಸಂಕಲ್ಪ

ಪಾಪವನ್ನು ಬಿಡುವ ಮನಸ್ಸಿಲ್ಲದೆ ಪಾಪನಿವೇದನೆ ಮಾಡಿದರೆ ಪ್ರಯೋಜನವೇನು? ಒಳಬರುವ ಕೊಳಚೆಯನ್ನು ನಿಲ್ಲಿಸದೆ ಹೂಳು ತೆಗೆಯುವುದು, ದಡದಲ್ಲಿ ಉದ್ಯಾನ ಮಾಡುವುದು ಅಂಥದ್ದೇ ಕೆಲಸ. ನಗರದ ಉತ್ತರದ ಜಕ್ಕೂರು ಕೆರೆ, ಸುಮಾರು 160 ಎಕರೆ, ಇಲ್ಲಿ ಸರಿಯಾದ ಕ್ರಮವನ್ನು ತೋರಿಸಿಕೊಟ್ಟಿತು. ಅಲ್ಲಿ ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ಶುದ್ಧ ಮಾಡುವ ಘಟಕವಿತ್ತು. ಅಲ್ಲಿಂದ ಬಂದ ನೀರು ನೇರವಾಗಿ ಕೆರೆಗೆ ಹೋಗದೆ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾಯ್ದು, ಉಳಿದ ಕಶ್ಮಲವನ್ನು ಗಿಡಗಳಿಗೆ ಬಿಟ್ಟು ಆಮೇಲೆ ಕೆರೆ ಸೇರುವಂತೆ ಮಾಡಿದರು. ಕೆರೆಯಲ್ಲಿ ಮೀನುಗಾರಿಕೆ ನಡೆಯಿತು. ಸುತ್ತಲಿನ ಬಾವಿಗಳಿಗೂ ಸಹಾಯವಾಯಿತು.

ನಮ್ಮ ಭಾಗಕ್ಕೆ ಈ ಸಂಕಲ್ಪ ಈಗ ಇನ್ನೂ ಅಗತ್ಯ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಾಗಿ ಕಾದದ್ದು ನಮಗೆ ಮರೆತಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಅದು. ಸಂತೋಷ! ಆದರೆ ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಬಂದ ನೀರಿಗೆ ಸ್ತೋತ್ರ ಹೇಳಿದವರು ಹೋಗುವ ನೀರಿಗೂ ಹೊಣೆಯಾಗಬೇಕು.

4. ಪಾಪನಿವೇದನೆ

ಪಾಪವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಾಯಿಬಿಟ್ಟು ಹೇಳಬೇಕು. ಇದರಲ್ಲಿ ಸಮುದಾಯದ ಪಾತ್ರ ದೊಡ್ಡದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಸುಮಾರು 48 ಎಕರೆ, ಕಸ ಮತ್ತು ಕೊಳಚೆಯಿಂದ ಹಾಳಾಗಿತ್ತು. ಸುತ್ತಲಿನ ನಿವಾಸಿಗಳು ಅಂದಿನ ಬಿಬಿಎಂಪಿಯ ಕಚೇರಿಗೆ ಹೋಗಿ ಅಧಿಕಾರಿಗಳೊಂದಿಗೆ ಕುಳಿತು ಯೋಜನೆ ಮಾಡಿದರು. 2011ರ ಹೊತ್ತಿಗೆ ಕೆರೆ ಮತ್ತೆ ತುಂಬಿತು. ಅದನ್ನು ನೋಡಿಕೊಳ್ಳಲು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಸಂಸ್ಥೆ ಕಟ್ಟಿಕೊಂಡರು. ವಾಯುಸಂಚಾರಕ್ಕೆ ಬರುವವರನ್ನು ಮಾತ್ರವಲ್ಲ, ಹುಲ್ಲು ಕೊಯ್ಯುವವರನ್ನೂ ಮೀನು ಹಿಡಿಯುವವರನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಬಹಳ ಹಿಡಿಸಿತು. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆ 2017ರಲ್ಲಿ ಪುನಶ್ಚೇತನಗೊಂಡಾಗಲೂ ಊರಿನವರು ಕೈಜೋಡಿಸಿದರು.

ಬೆಳ್ಳಂದೂರಿನ ಸಂಗತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2018ರ ಡಿಸೆಂಬರ್‌ನಲ್ಲಿ ಅದು ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ರೂಪಾಯಿ ತೆಗೆದಿಡಲು ಹೇಳಿ, ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಆಮೇಲೆ ಹೂಳೆತ್ತುವ ಕೆಲಸ ಶುರುವಾಯಿತು.

‘ಇದು ಸರ್ಕಾರದ ಕೆಲಸ, ಚರ್ಚಿಗೇಕೆ?’ ಎಂದು ಕೇಳುವವರಿದ್ದಾರೆ. ಸರ್ಕಾರದ ಕೆಲಸ ಹೌದು. ಕಾರ್ಖಾನೆಗಳ ಹೊಣೆಯೂ ಹೌದು. ಅನೇಕರ ಪಾಪಗಳು ಕೂಡಿ ವ್ಯವಸ್ಥೆಯೇ ಆಗಿಬಿಡುವುದನ್ನು ಜಗದ್ಗುರು ಎರಡನೇ ಜಾನ್ ಪಾಲ್‌ರವರು 1987ರ ವಿಶ್ವಪತ್ರದಲ್ಲಿಯೇ ವಿವರಿಸಿದ್ದರು. ಅಂಥ ಸಮಸ್ಯೆಗೆ ಒಬ್ಬೊಬ್ಬರ ಬಿಡಿ ಪುಣ್ಯಕಾರ್ಯ ಸಾಲದು, ಸಮುದಾಯಗಳು ಹೆಣೆದುಕೊಳ್ಳಬೇಕು ಎಂದು ‘ಲೌದಾತೊ ಸಿ’ (219) ಹೇಳುತ್ತದೆ. ಆದರೆ ತನ್ನ ಕೊಳವೆಯನ್ನು ಮುಚ್ಚಿಟ್ಟುಕೊಂಡವನು ಕಾರ್ಖಾನೆಯ ಕೊಳವೆಯನ್ನು ತೋರಿಸಲಾರ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಒಳಚರಂಡಿಯೇ ಬಾರದ ಬಡಾವಣೆಯ ಬಡ ಕುಟುಂಬವನ್ನು ದೂರಬೇಡಿ. ಅವರಿಗೆ ಒಳಚರಂಡಿ ಕೊಡಿಸಲು ಅವರ ಜೊತೆ ನಿಲ್ಲಿ. ಸ್ವಂತ ಶುದ್ಧೀಕರಣ ಘಟಕವಿದ್ದೂ ಕರೆಂಟ್ ಬಿಲ್ ಉಳಿಸಲು ಅದನ್ನು ನಿಲ್ಲಿಸುವ ದೊಡ್ಡ ಸಮುಚ್ಚಯಗಳ ಲೆಕ್ಕ ಬೇರೆ.

5. ಪ್ರಾಯಶ್ಚಿತ್ತ

ಜಕ್ಕಾಯ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ಸಂತೋಷದಲ್ಲಿ ಅಳುತ್ತಾ ಕೂರಲಿಲ್ಲ. ಮೋಸ ಮಾಡಿ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಪ್ರಾಯಶ್ಚಿತ್ತಕ್ಕೆ ಬೆಲೆ ಇದೆ.

ನಮ್ಮ ಧರ್ಮಕೇಂದ್ರದಲ್ಲಿ ಆ ಬೆಲೆ ಹಬ್ಬದ ದೀಪಾಲಂಕಾರದ ಹಣದ ರೂಪದಲ್ಲಿ ಬಂತು. ಹಾಲ್‌ನ ಕೊಳವೆಗಳನ್ನು ಒಳಚರಂಡಿಗೆ ಜೋಡಿಸಲು, ಅಡುಗೆಮನೆಗೆ ಜಿಡ್ಡು ತಡೆಯುವ ತೊಟ್ಟಿ ಕಟ್ಟಲು ಬೇರೆ ಹಣವಿರಲಿಲ್ಲ. ಪಾಲನಾ ಸಮಿತಿಯಲ್ಲಿ ಬಿಸಿಬಿಸಿ ಚರ್ಚೆಯಾಯಿತು. ‘ಜನ ಸಂತರ ಹೆಸರಿನಲ್ಲಿ ಕೊಟ್ಟ ಹಣವನ್ನು ಮೋರಿಗೆ ಹಾಕುವುದೇ?’ ಎಂದು ಒಬ್ಬರು ನೊಂದು ಕೇಳಿದರು. ಅವರ ಭಕ್ತಿಯನ್ನು ನಾನು ಅಲ್ಲಗಳೆಯಲಿಲ್ಲ. ಕೊನೆಗೆ ಆ ತಾಯಂದಿರಲ್ಲಿ ಒಬ್ಬರು, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, “ಮನೇಲಿ ಹಬ್ಬಕ್ಕೆ ಮುಂಚೆ ಬಚ್ಚಲು ತೊಳೀತೀವಲ್ಲ ಸ್ವಾಮಿ, ಆಮೇಲೆ ತಾನೇ ತೋರಣ ಕಟ್ಟೋದು?” ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಆ ವರ್ಷ ಗೋಪುರಕ್ಕೆ ಒಂದೇ ಸಾಲು ದೀಪ.

ಕೆರೆ ವಾಸಿಯಾಯಿತೇ ಎಂದು ನೀವು ಕೇಳಬಹುದು. ಇಲ್ಲ. ನಾವು ನೆಟ್ಟ ಸಸಿಗಳಲ್ಲಿ ಹಲವು ಒಣಗಿದವು. ಗಾಳಿ ಇತ್ತ ಬೀಸಿದಾಗ ಬಲಿಪೂಜೆಯ ಹೊತ್ತಿನಲ್ಲೂ ವಾಸನೆ ಬರುತ್ತದೆ. ಆದರೆ ಕೆರೆಗೆ ಬೀಳುವ ಕೊಳವೆಗಳಲ್ಲಿ ಒಂದು ಕಡಿಮೆಯಾಗಿದೆ. ಈಗ ನಮ್ಮ ಕಿರು ಕ್ರೈಸ್ತ ಸಮುದಾಯಗಳವರು ನೆರೆಯ ಹಿಂದೂ, ಮುಸ್ಲಿಂ ಬಾಂಧವರೊಡನೆ ಸೇರಿ ತಮ್ಮ ತಮ್ಮ ಬೀದಿಯ ಕೊಳವೆ ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದಾರೆ, ಅರ್ಜಿ ಬರೆಯುತ್ತಿದ್ದಾರೆ. ಪ್ರವಾದಿಯ ಹೊಳೆಯೂ ಮೊದಲು ಪಾದ ಮುಳುಗುವಷ್ಟೇ ಇತ್ತು.

ಆ ಹಿರಿಯರು ಮೊನ್ನೆ ಸಿಕ್ಕಿದ್ದರು. “ನಾನು ಮತ್ತೆ ಆ ನೀರು ಕುಡಿಯೋದಿಲ್ಲ ಬಿಡಿ, ಸ್ವಾಮಿ. ನನ್ನ ಮೊಮ್ಮಗಳು ಕಾಲು ತೊಳೆದರೂ ಸಾಕು” ಎಂದರು. ನಾವು ದೇವರಲ್ಲಿ ಕೇಳಬೇಕಾದದ್ದೂ, ದುಡಿಯಬೇಕಾದದ್ದೂ ಅಷ್ಟಕ್ಕೇ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯ ಬಚ್ಚಲ ನೀರು ಒಳಚರಂಡಿಗೆ ಹೋಗುತ್ತದೆಯೇ, ಮಳೆನೀರಿನ ಚರಂಡಿಗೆ ಹೋಗುತ್ತದೆಯೇ? ಈ ಭಾನುವಾರ ಮಕ್ಕಳೊಂದಿಗೆ ನೋಡಿ ಬನ್ನಿ.

2. ಸೋಪಿನ ಪುಡಿಯನ್ನು ಅಳತೆಯಿಂದ ಬಳಸುತ್ತೇವೆಯೇ? ಉಳಿದ ಎಣ್ಣೆ, ಬಣ್ಣ, ಔಷಧಗಳನ್ನು ಬಚ್ಚಲಿಗೆ ಚೆಲ್ಲುತ್ತೇವೆಯೇ?

3. ನಾವು ವಾಸಿಸುವ ಸಮುಚ್ಚಯದ ಅಥವಾ ದುಡಿಯುವ ಕಾರ್ಖಾನೆಯ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ? ಕೇಳುವ ಧೈರ್ಯ ನಮಗಿದೆಯೇ?

4. ಮುಂದಿನ ಪಾಪನಿವೇದನೆಯ ಆತ್ಮಶೋಧನೆಯಲ್ಲಿ ನೀರಿಗೂ, ಕೆಳಗಿನ ಊರಿನವರಿಗೂ ಒಂದು ಸ್ಥಾನ ಕೊಡುವೆವೇ?

ಪ್ರಾರ್ಥಿಸೋಣ

ಪ್ರಭುವೇ, ನಿಮ್ಮ ಪಕ್ಕೆಯಿಂದ ಹರಿದ ನೀರಿನಲ್ಲಿ ನಮ್ಮನ್ನು ತೊಳೆದಿರಿ. ನಮ್ಮ ಹೊಸ್ತಿಲಿನಿಂದ ಹೊರಡುವ ನೀರು ಯಾರ ಹೊಲವನ್ನೂ, ಯಾರ ಬಲೆಯನ್ನೂ ಕೆಡಿಸದಂತೆ ನಮಗೆ ಬುದ್ಧಿಯನ್ನೂ ಮನಸ್ಸನ್ನೂ ಕೊಡಿ. ನಾವು ಕೆಡಿಸಿದ್ದನ್ನು ಸರಿಪಡಿಸುವ ತಾಳ್ಮೆ ಕೊಡಿ. ನಮ್ಮ ಕೆರೆಗಳೂ, ಅವು ಸೇರುವ ದೂರದ ಕಡಲೂ ನಿಮ್ಮ ಕೃಪೆಯಿಂದ ಮತ್ತೆ ಜೀವ ತಳೆಯಲಿ. ಆಮೆನ್.